ಅಕ್ಕನ ಸಿಡಿ

ಸತ್ತ ಅಕ್ಕನ ದನಿ ಉಳಿದಿದ್ದದ್ದು ಆ ಒಂದೇ ಸಿಡಿಯಲ್ಲಿ. ಅದೂ ಅಳಿಸಿ ಮತ್ತೆ ಬರೆಯುವಂಥದ್ದು. ಅಂಥದನ್ನು ಯಾರು ನಂಬುತ್ತಾರೆ? ಹಾಡು ನಡುವೆ ತಡವರಿಸತೊಡಗಿದಾಗ ದಾಕ್ಷಾಯಿಣಿ ತಟ್ಟನೆ ಸಿಡಿ ಹೊರತೆಗೆದಳು. ಬಿಸಿಲು ತಾಗದಂತೆ ಸೆರಗಿನಲ್ಲಿ ಸುತ್ತಿಕೊಂಡು ದುರ್ಗದಬೈಲಿನ ಕಂಪ್ಯೂಟರ್ ಅಂಗಡಿಗೆ ಓಡಿದಳು.

"ಇದನ್ನ ಛಲೋತಂಗ ಸಾಫ್ ಮಾಡಿ ಕೊಡ್ರಿ," ಎಂದು ಅಂಗಡಿಯ ಅಮರೇಶನ ಕೈಗಿತ್ತಳು.

ಒರೆಸುವಾಗ ಗೀರು ಬಿದ್ದೀತೆಂದು ಅವಳಿಗೆ ಭಯ. ಆ ಹಾಡು ಇನ್ನು ಸಿಡಿಯಲ್ಲಿರುವುದೇ ಬೇಡವೆಂದು, ಇದ್ದುದರಲ್ಲೇ ಗಟ್ಟಿಯಾದ ಪೆನ್‌ಡ್ರೈವ್ ಆರಿಸಿದಳು. ಒಂದಲ್ಲ, ಎರಡು.

ಅಮರೇಶ ಕಂಪ್ಯೂಟರಿನಿಂದ ಸಿಡಿ ತೆಗೆದ.

"ಅಕ್ಕನ ಹಾಡು ಇದರಾಗ ಹಾಕ್ರಿ," ಅವಳು ಪೆನ್‌ಡ್ರೈವ್ ಚಾಚಿದಳು.

"ಯಾವ ಹಾಡ್ರಿ?" ಅವನು ಬೆರಗಾದ. "ಪೂರಾ ಖಾಲಿ ಮಾಡೇನಲ್ರಿ. ನೀವ ಸಾಫ್ ಮಾಡು ಅಂದ್ರಿ, ಅಕ್ಕಾರ."