ಎದೆ ಬೆಳ್ಳಗಿದ್ದ ಫಿಂಚ್

ಹತ್ತಿ ಕಪ್ಪಗಾಯಿತು, ಎಷ್ಟು ಮೆಲ್ಲಗೆ ಹಕ್ಕಿಯ ಎದೆ ಒರೆಸುತ್ತಾಳೆ ಈ ಹುಡುಗಿ, ಸತ್ತು ಐವತ್ತು ವರ್ಷವಾದ ಹಕ್ಕಿಗೆ ನೋವಾದೀತು ಎಂಬಂತೆ, ಆಗಲೇ ತನ್ನ ಶಾಲು ಮಡಿಸಿ ನನ್ನ ಬೆನ್ನಿಗೆ ಇಟ್ಟಳು, ಈ ಸಂಗ್ರಹಾಲಯದ ಕುರ್ಚಿಗಳು ಅಣ್ಣನ ಜೊತೆ ಬರುತ್ತಿದ್ದ ಕಾಲದಲ್ಲೂ ಹೀಗೇ, ಕಲ್ಲು — ಇನ್ನೊಂದು ಬೆಟ್ಟದ ಫಿಂಚ್, ಮತ್ತೆ ಹತ್ತಿ ಕಪ್ಪು, ಬರೀ ಮಸಿ ಅಮ್ಮ, ಚಳಿಗೆ ಇವು ಬೆಟ್ಟ ಇಳಿದು ಬಂದು ಕಾರ್ಖಾನೆ ಚಿಮಣಿ ಪಕ್ಕ ಕೂತು, ಮಸಿ ಹಿಡಿಸ್ಕೊಂಡೇ ವಾಪಸ್ ಬೆಟ್ಟಕ್ಕೆ ಹೋಗ್ತಿದ್ವಲ್ಲ, ಒಳಗೆ ಎಲ್ಲಾದರ ಎದೇನೂ ಬಿಳೀನೇ, ಎನ್ನುತ್ತಾಳೆ, ಈಗ ಕಾಲಿಗೆ ಕೆಂಪು ಚೀಟಿ ಕಟ್ಟಿದ್ದನ್ನು ಎತ್ತಿಕೊಂಡಳು, ಅಣ್ಣನ ಹಕ್ಕಿ, ಅವನು ಹೊಸ ಪ್ರಭೇದವೆಂದು ಜಗತ್ತಿಗೆ ತೋರಿಸಿದ ಒಂದೇ ಒಂದು ಹಕ್ಕಿ, ಹತ್ತಿ ಬೆಳ್ಳಗೇ ಉಳಿಯಿತು. ಉಳಿಯದೆ ಇನ್ನೇನು. ಚರ್ಮ ಸುಲಿದು ತುಂಬಿದ್ದು ನೀವೇ ಅಲ್ವಾ, ಇದೊಂದನ್ನ ತೊಳೆದಿದ್ರಾ ಅಮ್ಮ, ಬೇರೆ ಪರೀಕ್ಷೆ ಎಲ್ಲಾ ಮಾಡಿದ್ವಿ, ಹಳೇ ಚರ್ಮ, ಏನೂ ಸಿಗಲಿಲ್ಲ — ಇಷ್ಟೇ ಕೇಳಿದ್ದು, ಇಲ್ಲ ಎಂದರೆ ಅಣ್ಣನ ಪ್ರಭೇದ ಪುಸ್ತಕದಲ್ಲಿ ಉಳಿಯುತ್ತದೆ, ಹೌದು ಎಂದರೆ ಅದು ಎಂದೂ ಇರಲೇ ಇಲ್ಲ. ಆವತ್ತು ಅಣ್ಣ ಜ್ವರದಲ್ಲಿ ಬೆಟ್ಟದಿಂದ ಬಂದ, ಹೊಡೆದ ಹಕ್ಕಿಯನ್ನು ಸರಿಯಾಗಿ ನೋಡದೆಯೇ ಪೆಟ್ಟಿಗೆ ಕೊಟ್ಟು ಮಲಗಿದ, ಅವ್ವ ತೀರಿಹೋಗಿ ನಾಲ್ಕು ದಿನ, ಅವಳ ಮುಖ ಒರೆಸಿ ಕಳಿಸಿದ ಕೈ ನನ್ನದು, ಈ ಪುಟ್ಟದರ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಹಾಗೇ ಬಿಡಲು ಮನಸ್ಸಾಗಲಿಲ್ಲ, ಬೆಚ್ಚನೆ ನೀರು, ಚೂರು ಸೋಪು, ಬೋಗುಣಿಯ ನೀರು ಕಪ್ಪಾದದ್ದನ್ನು ಕಂಡೂ ಕಾಣಲಿಲ್ಲ, ಅಳುತ್ತಿದ್ದೆ. ಆಮೇಲೆ ಒಂದು ಮಧ್ಯಾಹ್ನ ಅಣ್ಣ ಮೆಟ್ಟಿಲು ಓಡಿಕೊಂಡೇ ಹತ್ತಿದ, ಗರಿ ಎಣಿಸಿ ಎಣಿಸಿ ನೀವೇ ಬೋಳಾದಿರಲ್ಲ ಸ್ವಾಮಿ ಎಂದು ಆಫೀಸಿನವರೆಲ್ಲ ಆಡಿಕೊಳ್ಳುತ್ತಿದ್ದ ಅಣ್ಣ, ಕೈಯಲ್ಲಿ ಅಚ್ಚಾದ ಪತ್ರಿಕೆ, ಓದೇ, ಹೆಸರು ಓದು, ನಿನ್ನ ಹೆಸರಿಗೇ ಲ್ಯಾಟಿನ್ ಬಾಲ ಅಂಟಿಸಿದೀನಿ ಕಣೇ, ಇನ್ಮೇಲೆ ಹಾರು! ಓದಿದೆ, 'ಎದೆ ಶುಭ್ರ ಬಿಳಿ, ಉಳಿದವುಗಳಿಗಿಂತ ಭಿನ್ನ', ಆಗ ತಿಳಿಯಿತು, ಒಳಗೆ ಹೋಗಿ ಟೀಗೆ ಎರಡೆರಡು ಸಲ ಸಕ್ಕರೆ ಹಾಕಿಬಿಟ್ಟೆ, ಚೆನ್ನಾಗಿದೆ ಎಂದು ಕುಡಿದ. ಅದಾದ ಮೇಲೆ ಯಾವ ದಿನ ಹೇಳುವುದು, ಆಸ್ಪತ್ರೆಯಲ್ಲಿ ಕೊನೆಗೆ ನರ್ಸ್‌ಗೂ ಹೇಳಿದ, ಸಿಸ್ಟರ್, ಇವಳ ಹೆಸರಲ್ಲಿ ಒಂದು ಹಕ್ಕಿ ಇದೆ ಗೊತ್ತಾ, ಮಾತ್ರೆ ಇವಳ ಕೈಲೇ ಕೊಡಿಸಿ. ಇಲ್ಲ ಎನ್ನಬಹುದು, ಒಂದೇ ಮಾತು, ಯಾರ ಗಂಟೇನು ಹೋಗುತ್ತದೆ, ಆದರೆ ಒಂದು ಗರಿಯ ಬಣ್ಣಕ್ಕಾಗಿ ನಾಲ್ಕು ಸಲ ಬೆಟ್ಟ ಹತ್ತಿದವನು ಅಣ್ಣ, ಅವನ ಹೆಸರಲ್ಲಿ ಸುಳ್ಳು ಹೇಳಲೇ — ತೊಳೆದಿದ್ದೆ ಕಣಮ್ಮ, ಅಣ್ಣನಿಗೆ ಗೊತ್ತಿರಲಿಲ್ಲ, ಅದನ್ನೂ ಬರಿ. ಹುಡುಗಿ ಪೆನ್ನಿನ ಮುಚ್ಚಳ ಹಾಕಿಬಿಟ್ಟಳು, ನಾಳೆ ಬರೀತೀನಿ ಬಿಡಿ, ಬನ್ನಿ ಟೀ ಕುಡಿಯೋಣ, ಬೇಡ ತಾಯಿ, ಇವತ್ತೇ ಬರಿ, ನಾಳೆ ನಾನು ತೊಳೆದಿಲ್ಲ ಅಂದುಬಿಟ್ಟೇನು. ಬರೆದಳು. ಹೊಸ ಚೀಟಿ, ಅದರಲ್ಲಿ ಹಳೆಯ ಜಾತಿಯ ಹೆಸರು, ಬರೀ ಬೆಟ್ಟದ ಫಿಂಚ್, ಶಾಯಿ ಒಣಗಲೆಂದು ಮೆಲ್ಲಗೆ ಊದುತ್ತಾಳೆ, ನಾನೂ ಹೀಗೇ ಊದಿದ್ದೆ, ಅಂಗೈಯಲ್ಲಿ ಒದ್ದೆ ಹಕ್ಕಿ, ಊದಿದರೆ ಎದೆಯ ಗರಿ ಬಿರಿಯುತ್ತದೆ, ಬೆಳ್ಳಗೆ, ನಿಲ್ಲಿಸಿದರೆ ಮುಚ್ಚಿಕೊಳ್ಳುತ್ತದೆ, ಮತ್ತೆ ಊದುತ್ತೇನೆ, ಬಿರಿಯುತ್ತದೆ, ಬೆಳ್ಳಗೆ, ಎಷ್ಟು ಬೆಳ್ಳಗೆ