ಹೇಳಿಕೊಡುವ ಹಾಗಿಲ್ಲ

ಅವನು ಕಾಲರಿನ ಒಂದು ಮೈ ಮುಗಿಸಿ ಶರ್ಟನ್ನು ಮಗುಚುತ್ತಿದ್ದಾಗ ಅಕ್ಕ ಒಳಗೆ ಬಂದು ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತಳು.

"ನಿನ್ನ ಹತ್ರ ಮಾತಾಡ್ಬೇಕು."

"ಮಾತಾಡು. ಪ್ಲಗ್ ಏನು ತಪ್ಪು ಮಾಡ್ತು?"

"ಪಾದ್ರಿಗಳು ಹೇಳಿದ್ರು, ಇವತ್ತು ವೇದಪಾಠ ನೀನು ಓದ್ತೀಯಂತೆ."

"ಹೌದು. ಆಸ್ಪತ್ರೇಲಿ ಅವರ ಎದುರಿಗೇ ಅಮ್ಮ ಹೇಳಿದ್ಲು."

"ಜ್ವರದಲ್ಲಿ ಜನ ಏನೇನೋ ಹೇಳ್ತಾರೆ."

"ಜ್ವರ ಇರ್ಲಿಲ್ಲ." ಅವನು ಪ್ಲಗ್ಗನ್ನು ಮತ್ತೆ ಚುಚ್ಚಿದ.

ಮುಂಗೋಣೆಯಲ್ಲಿ ಅಮ್ಮ ಶವಪೆಟ್ಟಿಗೆಯೊಳಗೆ ಮಲಗಿದ್ದಳು. ಆ ಕೋಣೆಯೇ ಅವಳ ಇಸ್ತ್ರಿ ಅಂಗಡಿ. ಗಿರಾಕಿಗಳ ಬಟ್ಟೆಗಂಟುಗಳು ಇನ್ನೂ ಗೋಡೆಯ ಹಲಗೆಯ ಮೇಲೆಯೇ ಇದ್ದವು. ಕೊನೆಯ ದರ್ಶನಕ್ಕೆ ಬಂದವರೊಬ್ಬರು ಕಣ್ಣೊರೆಸಿಕೊಂಡು, ಆಚೀಚೆ ನೋಡಿ, ಹೋಗುವಾಗ ತಮ್ಮ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಿದ್ದರು. ಯಾರೂ ತಪ್ಪು ತಿಳಿಯಲಿಲ್ಲ. ಅಮ್ಮ ಇದ್ದಿದ್ದರೆ ತಾನೇ ಎತ್ತಿ ಕೊಡುತ್ತಿದ್ದಳು.

ಊರಿಗೆಲ್ಲ ಅವನು ಗೂಡ್ಸ್. ಚರ್ಚಿನ ಶಾಲೆಯಲ್ಲಿ ಅವನು ಓದಲು ಎದ್ದರೆ ಹಿಂದಿನ ಬೆಂಚಿನವರು ಗೂಡ್ಸ್ ಗಾಡಿಯ ಸದ್ದು ಮಾಡುತ್ತಿದ್ದರು. ಅಷ್ಟು ನಿಧಾನ. ಈಗ ಅವನಿಗೆ ತಲೆಗೂದಲು ನೆರೆತಿದೆ, ನಗರದ ಅರ್ಧ ಲಿಫ್ಟುಗಳು ಅವನ ಕೈ ತಾಗಿದ ಮೇಲೆಯೇ ಏರುತ್ತವೆ. ಹೆಸರು ಮಾತ್ರ ಬಿಟ್ಟಿಲ್ಲ. ಓದುತ್ತಾನೆ. ಪತ್ರಿಕೆ ಓದುತ್ತಾನೆ, ಯಂತ್ರದ ಜೊತೆ ಬರುವ ಪುಸ್ತಕ ಓದುತ್ತಾನೆ, ಎಲ್ಲವನ್ನೂ ಒಬ್ಬನೇ, ತನ್ನ ಗತಿಯಲ್ಲಿ. ತುಂಬಿದ ಸಭೆಯ ಮುಂದೆ ಒಂದು ಸಾಲನ್ನೂ ಓದಿದವನಲ್ಲ.

ಭಾವ ಬಾಗಿಲಿಗೆ ಒರಗಿ ನಿಂತ. "ಏನು, ಅಕ್ಕ ತಮ್ಮನ ಪಂಚಾಯಿತಿ? ನೋಡು ಗೂಡ್ಸ್, ಎರಡೇ ವಚನದ ಕೀರ್ತನೆ ಒಂದಿದೆ. ಸೀನಿ ಮೂಗು ಒರೆಸೋದ್ರೊಳಗೆ ಮುಗಿಯುತ್ತೆ. ಅದನ್ನ ಓದು. ನಿನ್ನ ಮಾನವೂ ಉಳಿಯುತ್ತೆ, ನಮ್ಮ ಊಟಾನೂ ಬೇಗ ಆಗುತ್ತೆ."

"ರೀ, ಸುಮ್ನಿರ್ತೀರಾ?" ಎಂದ ಅಕ್ಕ ತಮ್ಮನ ಕಡೆ ತಿರುಗಿದಳು. "ಇಲ್ಲಾಂದ್ರೆ ಬಾಯಿಪಾಠ ಮಾಡ್ಕೊ. ಪುಸ್ತಕ ಸುಮ್ನೆ ಹಿಡ್ಕೊ. ಯಾರಿಗೆ ಗೊತ್ತಾಗುತ್ತೆ?"

"ಅಮ್ಮ ಓದು ಅಂದಿದ್ದು. ಒಪ್ಪಿಸು ಅಂದಿಲ್ಲ."

"ಹಠ ಬೇಡ ಕಣೋ. ಹೆಡ್‌ಮಾಸ್ಟರು ಬಂದಿದ್ದಾರೆ. ನೀನು ತಡವರಿಸಿದ್ರೆ ಜನ ನಿನ್ನ ಆಡ್ಕೊಳ್ಳಲ್ಲ, ಅಮ್ಮನ್ನ ಆಡ್ಕೋತಾರೆ. ಹೆತ್ತ ಮಗನ್ನ ಶಾಲೆ ಬಿಡಿಸಿ ಹಾಳು ಮಾಡಿದ್ಲು ಅಂತಾರೆ. ಅವಳು ಅಲ್ಲೇ ಮಲಗಿರ್ತಾಳೆ. ಉತ್ತರ ಕೊಡೋಕೂ ಆಗಲ್ಲ."

ಅಕ್ಕ ಕಾಲೇಜಿನಲ್ಲಿ ಪಾಠ ಮಾಡುವವಳು. ಎಲ್ಲಿ ಒತ್ತಿದರೆ ನೋಯುತ್ತದೆಂದು ಅವಳಿಗೆ ಗೊತ್ತಿತ್ತು. ಅವನು ಕಾಲರನ್ನೇ ಇನ್ನೊಮ್ಮೆ ಉಜ್ಜಿದ.

*

ಅವನು ಚಿಕ್ಕವನಿದ್ದಾಗ, ಇದ್ದ ತರಗತಿಯಲ್ಲೇ ಅವನನ್ನು ಇನ್ನೂ ಒಂದು ವರ್ಷ ಕೂರಿಸುವುದೆಂದು ತೀರ್ಮಾನವಾದ ದಿನ ಹೆಡ್‌ಮಾಸ್ಟರು ಅಮ್ಮನನ್ನು ಕರೆಸಿದ್ದರು. ಅವರು ಕೆಟ್ಟವರಲ್ಲ, ಮೈತುಂಬ ಕೆಲಸವಿದ್ದ ಮನುಷ್ಯ.

"ನೋಡಮ್ಮ, ಓದು ಇವನ ತಲೆಗೆ ಹತ್ತಲ್ಲ. ಯಾವುದಾದ್ರೂ ಕೈಕೆಲಸಕ್ಕೆ ಹಾಕು."

"ಕೈಕೆಲಸಾನೂ ಕಲೀತಾನೆ ಸರ್. ಮೊದ್ಲು ಓದ್ಲಿ. ಇವನು ನಿಧಾನ, ದಡ್ಡ ಅಲ್ಲ."

"ಒಬ್ಬನಿಗೋಸ್ಕರ ಶಾಲೆ ಗಂಟೆ ನಿಲ್ಲಿಸೋಕಾಗುತ್ತಾ?"

"ಬೇಡ ಸರ್. ನಮ್ಮ ಮನೇಲಿ ಗಂಟೆ ಇಲ್ಲ," ಎಂದು ಅಮ್ಮ ಅವನ ಕೈ ಹಿಡಿದು ಹೊರಟೇಬಿಟ್ಟಳು.

ಮನೆಯಲ್ಲಿ ಬಸ್ಸಿನ ಡ್ರೈವರಾಗಿದ್ದ ಅಪ್ಪ ತಲೆ ಕೆರೆದುಕೊಂಡ. "ಜನ ನಗ್ತಾರೆ ಕಣೆ. ಇಸ್ತ್ರಿಯವಳು ಮಗನಿಗೆ ಇಸ್ತ್ರಿ ಕಲಿಸೋಕೆ ಶಾಲೆ ಬಿಡಿಸಿದ್ಲು ಅಂತಾರೆ."

"ನಗಲಿ ಬಿಡಿ. ಹಲ್ಲು ಅವರದು."

"ದೇವರು ಮೆಚ್ಚೋ ಕೆಲಸವೇನೇ ಇದು?"

"ಇವನನ್ನ ಕೊಟ್ಟಿದ್ದು ಹೆಡ್‌ಮಾಸ್ಟರಿಗಲ್ಲ, ನಮಗೆ. ನಾಳೆ ಲೆಕ್ಕ ಕೇಳೋದೂ ನಮ್ಮನ್ನೇ."

ಇಬ್ಬರೂ ಮಂಡಿಯೂರಿ ಪ್ರಾರ್ಥನೆ ಮಾಡಿದರು. ಅಪ್ಪನ ಪ್ರಾರ್ಥನೆ ಚಿಕ್ಕದು: "ಸ್ವಾಮಿ, ಇವಳು ಹೊರಟಾಗಿದೆ. ಬ್ರೇಕ್ ಇಲ್ಲ. ನೀನೇ ನೋಡ್ಕೊ."

ಮರುದಿನದಿಂದ ಇಸ್ತ್ರಿ ಮೇಜೇ ಶಾಲೆ. ಅಮ್ಮ ನೀರಿನಲ್ಲಿ ಬೆರಳದ್ದಿ ಮೇಜಿನ ಹಾಸುಬಟ್ಟೆಯ ಮೇಲೆ ಅಕ್ಷರ ಬರೆಯುತ್ತಿದ್ದಳು. ಅವನು ಅದರ ಪಕ್ಕದಲ್ಲಿ ಹಾಗೆಯೇ ಬರೆಯಬೇಕು. ತಪ್ಪಾದರೆ ಪೆಟ್ಟಿಗೆ ಅದರ ಮೇಲೆ ಹರಿದು ಚುಯ್ಯೆಂದು ಆವಿ ಏಳುತ್ತಿತ್ತು, ಬಟ್ಟೆ ಮತ್ತೆ ಬೆಳ್ಳಗೆ. "ಹೋಯ್ತು. ನಾನೂ ನೋಡಿಲ್ಲ, ನೀನೂ ನೋಡಿಲ್ಲ. ಇನ್ನೊಂದ್ಸಲ ಬರಿ." ಶಾಲೆಯಲ್ಲಿ ಅವನ ತಪ್ಪುಗಳು ಕೆಂಪು ಶಾಯಿಯಲ್ಲಿ ವರ್ಷಗಟ್ಟಲೆ ಉಳಿಯುತ್ತಿದ್ದವು.

ಆದರೆ ಒಂದು ಎಡವಟ್ಟಾಗಿತ್ತು. ಅಮ್ಮ ಮೇಜಿನ ಈಚೆ ನಿಂತು ತನಗೆ ನೇರವಾಗಿ ಬರೆಯುತ್ತಿದ್ದಳು, ಅವನು ಆಚೆ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಮಗ ಇಡೀ ಅಕ್ಷರಮಾಲೆಯನ್ನು ತಲೆಕೆಳಗಾಗಿ ಕಲಿತುಬಿಟ್ಟಿದ್ದ. ಒಂದು ದಿನ ಅವನು ಪುಸ್ತಕವನ್ನು ಬುಡಮೇಲು ಹಿಡಿದು ಸರಾಗವಾಗಿ ಎರಡು ಪದ ಓದಿದಾಗಲೇ ಗುಟ್ಟು ರಟ್ಟಾದದ್ದು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ತಪ್ಪು ನಿಂದಲ್ಲ ಕಂದ, ನಾನು ನಿಂತಿದ್ದ ಜಾಗದ್ದು," ಎಂದು ಮೇಜು ಸುತ್ತಿ ಅವನ ಪಕ್ಕಕ್ಕೆ ಬಂದು ನಿಂತಳು. ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು.

ಸಂಜೆ ಊಟವಾದ ಮೇಲೆ ಸರದಿಯಂತೆ ಎಲ್ಲರೂ ವೇದಪುಸ್ತಕ ಓದುವುದು ಮನೆಯ ಪದ್ಧತಿ. ಅದಕ್ಕೆ ಅಮ್ಮ ಒಂದು ಕಾನೂನು ಸೇರಿಸಿದಳು: ಓದುವವನು ಎಲ್ಲೇ ನಿಂತರೂ ಬೇರೆಯವರು ಹೇಳಿಕೊಡುವ ಹಾಗಿಲ್ಲ.

"ಅವನ ಮಾತನ್ನ ಅವನೇ ಹೊರಗೆ ತರ್ಲಿ. ನೀವು ಎಳೆದು ತೆಗೆದ್ರೆ ಅದು ನಿಮ್ಮದಾಗುತ್ತೆ."

ಅಪ್ಪ ಕೂತಲ್ಲೇ ತೂಕಡಿಸಿ, ಎಚ್ಚೆತ್ತು, "ಮುಗೀತಾ?" ಎಂದರೆ ಅಕ್ಕ, "ಇಲ್ಲಪ್ಪ, ನೀವು ಮಲಗಿದಾಗ ಇದ್ದ ಪದದಲ್ಲೇ ಇದ್ದಾನೆ," ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅವನೂ. ಆದರೆ ಪದವನ್ನು ಯಾರೂ ಹೇಳಿಕೊಡುತ್ತಿರಲಿಲ್ಲ.

*

ಚರ್ಚಿನ ಬಾಗಿಲಲ್ಲಿ ಹೆಡ್‌ಮಾಸ್ಟರು ಅವನ ಭುಜ ತಟ್ಟಿದರು. ಈಗ ಅವರ ಕೈಯಲ್ಲಿ ಊರುಗೋಲು. "ಧೈರ್ಯವಾಗಿ ಓದಪ್ಪ. ತಡವರಿಸಿದ್ರೆ ಮುಂದಿನ ಸಾಲಲ್ಲೇ ನಾನಿದ್ದೀನಿ. ಹೇಳಿಕೊಡ್ತೀನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವನು ಕಾಲರು ಸರಿಪಡಿಸಿಕೊಂಡು ಒಳಗೆ ನಡೆದ.

ಹಾಡು ಮುಗಿಯಿತು. ಪಾದ್ರಿಗಳು ತಲೆಯಾಡಿಸಿದರು. ಅವನು ಓದುವ ಪೀಠದ ಹಿಂದೆ ಹೋಗಿ ನಿಂತ. ಕಿಕ್ಕಿರಿದ ಜನ. ಅಮ್ಮ ಇಸ್ತ್ರಿ ಮಾಡಿದ ಎಷ್ಟೋ ಕಾಲರುಗಳು ಆ ಸಾಲುಗಳಲ್ಲಿದ್ದವು. ಅಮ್ಮ ಹೇಳಿದ ಕೀರ್ತನೆ ಉದ್ದದ್ದು. ಭಾವ ಹೇಳಿದ ಚಿಕ್ಕದು ಕೆಲವೇ ಪುಟಗಳ ಆಚೆ ಇತ್ತು. ಅವನ ಹೆಬ್ಬೆರಳು ಆ ಪುಟಗಳ ಅಂಚನ್ನು ಒಮ್ಮೆ ಎತ್ತಿ, ಬಿಟ್ಟುಬಿಟ್ಟಿತು. ಉದ್ದದ್ದರ ಮೊದಲ ಸಾಲಿನ ಕೆಳಗೆ ಬೆರಳಿಟ್ಟ.

ಮೊದಲ ವಚನ ದಾಟಿದ. ಎರಡನೆಯದರಲ್ಲಿ ಎರಡು ಕಡೆ ನಿಂತು, ದಾಟಿದ. ಯಾರೋ ಕೆಮ್ಮಿದರು. ಮುಂದೆ ಹೋದ. ಆಮೇಲೆ ಆ ಪದ ಬಂತು. ಉದ್ದವಾದದ್ದು, ಒತ್ತಿನ ಕೆಳಗೆ ಒತ್ತು ಹೊತ್ತುಕೊಂಡದ್ದು. ಅಕ್ಷರಗಳು ಒಂದಕ್ಕೊಂದು ತೆಕ್ಕೆ ಹಾಕಿಕೊಂಡು ಕೂತಿದ್ದವು. ಮೊದಲನೆಯದನ್ನು ಹಿಡಿದ, ಅದು ಜಾರಿತು. ಮತ್ತೆ ಹಿಡಿದ. ಚರ್ಚಿನಲ್ಲಿ ಸದ್ದಡಗಿತು. ಹಿಂದೆಲ್ಲೋ ಒಂದು ಸಣ್ಣ ಕಿಸಕ್ಕು. ಬೆವರು ಕಾಲರಿನೊಳಗೆ ಇಳಿಯಿತು. ತಲೆ ಎತ್ತಬಾರದೆಂದು ಗೊತ್ತಿದ್ದೂ ಎತ್ತಿದ. ಹೆಡ್‌ಮಾಸ್ಟರು ಕೋಲೂರಿ ಅರ್ಧ ಎದ್ದಿದ್ದರು. ಅವರ ಬಾಯಿ ತೆರೆದಿತ್ತು, ಪದ ನಾಲಿಗೆಯ ತುದಿಯಲ್ಲೇ ಇತ್ತು.

"ಸರ್, ಹೇಳಿಕೊಡಬೇಡಿ!"

ಅಕ್ಕನ ಗಂಟಲು. ಕಾಲೇಜಿನ ಕೊನೆಯ ಬೆಂಚಿಗೂ ಮುಟ್ಟುವ ಗಂಟಲು. ಅವಳು ಎದ್ದು ನಿಂತಿದ್ದಳು. ಭಾವ ಸೆರಗು ಹಿಡಿದು ಎಳೆಯುತ್ತಿದ್ದ, ಅವಳು ಕೊಸರಿಕೊಂಡಳು.

"ಕೂತ್ಕೊಳ್ಳಿ ಸರ್, ದಯವಿಟ್ಟು. ನಮ್ಮ ಮನೇಲಿ ಹೇಳಿಕೊಡೋ ಹಾಗಿಲ್ಲ. ಅವನು ಓದ್ತಾನೆ." ತಮ್ಮನ ಕಡೆ ನೋಡಿದಳು. "ನಿನ್ನ ಪಾಡಿಗೆ ನೀನು ಓದೋ. ಯಾರಿಗೂ ಬಸ್ ತಪ್ಪಲ್ಲ."

ಹೆಡ್‌ಮಾಸ್ಟರು ಬಾಯಿ ಮುಚ್ಚಿದರು. ಮೆಲ್ಲಗೆ ಕೂತರು.

ಅವನು ಪದಕ್ಕೆ ಮರಳಿದ. ಈಗ ಅವಸರವಿರಲಿಲ್ಲ. ಒತ್ತುಗಳನ್ನು ಒಂದೊಂದಾಗಿ ಬಿಡಿಸಿದ, ಬಿಡಿಸಿದ್ದನ್ನು ಜೋಡಿಸಿದ, ತುಟಿಯಲ್ಲೇ ಒಮ್ಮೆ ಹೇಳಿಕೊಂಡ. ಆಮೇಲೆ ಗಟ್ಟಿಯಾಗಿ ಹೇಳಿದ. ಪದ ಇಡಿಯಾಗಿ ಹೊರಬಂದು ಚಾವಣಿಗೆ ಬಡಿಯಿತು. ಭಾವ ಸಭೆಯಲ್ಲಿದ್ದೇನೆಂಬುದನ್ನು ಮರೆತು, "ಶಹಬ್ಬಾಸ್!" ಎಂದುಬಿಟ್ಟ. ಸಾವಿನ ಮನೆಯವರೇ ಮೊದಲು ನಕ್ಕರು, ಹಿಂದೆಯೇ ಇಡೀ ಚರ್ಚು ನಕ್ಕಿತು. ಆ ನಗು ಕಿಸಕ್ಕಿನ ಜಾತಿಯದಾಗಿರಲಿಲ್ಲ.

ಅವನೂ ನಕ್ಕು, ಬೆರಳನ್ನು ಮುಂದಿನ ಪದಕ್ಕೆ ಸರಿಸಿದ. ನಿಲ್ಲುತ್ತಾ, ಬಿಡಿಸುತ್ತಾ, ಹೊರಡುತ್ತಾ ಓದಿದ. ವೇಗವೇನೂ ಹೆಚ್ಚಲಿಲ್ಲ. ಕೇಳುವವರೇ ನಿಧಾನವಾದರು. ಕೈಗಡಿಯಾರ ನೋಡುತ್ತಿದ್ದವರು ತೋಳು ಇಳಿಬಿಟ್ಟರು. ಹೊತ್ತಾಯಿತೆಂದು ಹೇಳಲು ಗುಂಡಿ ತೋಡಿದವರಿಬ್ಬರು ಪಕ್ಕದ ಬಾಗಿಲಿಗೆ ಬಂದರು. ಗುದ್ದಲಿಯನ್ನು ಗೋಡೆಗೆ ಒರಗಿಸಿ, ಮಣ್ಣುಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಮೆಟ್ಟಿಲ ಮೇಲೆ ಕೂತೇಬಿಟ್ಟ.

ಅಮ್ಮ ಹೇಳಿದ್ದ ಕೀರ್ತನೆ ಮುಗಿಯಿತು. ಪುಸ್ತಕ ಮುಚ್ಚಲು ಪಾದ್ರಿಗಳು ಎದ್ದು ಪೀಠದ ಬಳಿ ಬಂದರು. ಅವನು ಅವರನ್ನು ನೋಡಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿ, ಮುಂದಿನದರ ಮೊದಲ ಪದವನ್ನು ಹಿಡಿದ. ಪಾದ್ರಿಗಳು ಒಂದು ಗಳಿಗೆ ನಿಂತು, ನಿಲುವಂಗಿಯನ್ನು ಒತ್ತಟ್ಟಿಗೆ ಸರಿಸಿಕೊಂಡು, ಹೆಡ್‌ಮಾಸ್ಟರ ಪಕ್ಕದಲ್ಲಿ ಹೋಗಿ ಕೂತರು.