ತಟ್ಟೆಯ ಎರಡನೆಯ ಮಗ್ಗುಲು

ಗುಲ್ಶನ್ ಮುಂಬೈಯಿಂದ ರೆಕಾರ್ಡ್ ಪ್ಲೇಯರ್ ಹೊತ್ತುಕೊಂಡು ವಾಡಿಗೆ ಬಂದಿದ್ದ. ಅವನ ಕಂಪನಿ ಲಾಲಪ್ಪನ ಕೊನೆಯ ಸಂಗೀತ ಕಚೇರಿಯನ್ನು ಎಲ್‌ಪಿ ರೆಕಾರ್ಡ್ ಮಾಡಿ ಮಾರಲಿತ್ತು. ಮಾದರಿ ತಟ್ಟೆ ತಯಾರಾಗಿತ್ತು. ಲಾಲಪ್ಪನ ಹೆಂಡತಿ ಸಾಬಮ್ಮ, ತಮ್ಮ ಸುರೇಶಕುಮಾರ ಒಪ್ಪಿದರೆ ಆಯಿತು.

ಲಾಲಪ್ಪ ಆಯುಷ್ಯವೆಲ್ಲ ಮುಂಬೈ ಹೋಟೆಲುಗಳಲ್ಲಿ ಸ್ಯಾಕ್ಸೊಫೋನ್ ಊದಿದವನು. ಜಾಝ್ ಬಲ್ಲವರು ಅವನ ಹೆಸರು ಬಂದರೆ ಗೌರವದಿಂದ ಕಿವಿ ಮುಟ್ಟಿಕೊಳ್ಳುತ್ತಿದ್ದರು. ವಾಡಿಯಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ. ಮುದುಕನಾಗಿ ಊರಿಗೆ ಬಂದ ಮೇಲೆ ಬುದ್ಧ ಪೂರ್ಣಿಮೆಗೆ ವಿಹಾರದ ಮುಂದೆ ಒಮ್ಮೆ ಊದಿದ; ಯಾರೋ ಅದನ್ನು ಟೇಪ್ ಮಾಡಿಕೊಂಡಿದ್ದರು. ಡ್ರಮ್ ಬಾರಿಸಿದವನು ಮದುವೆ ಬ್ಯಾಂಡಿನ ಸುರೇಶ. ಅಂದೇ ಲಾಲಪ್ಪ ಸತ್ತ.

ಗುಲ್ಶನ್ ಹಾಕಿದ ತಟ್ಟೆಯ ಮೊದಲ ಮಗ್ಗುಲು ಮುಗಿಯುವವರೆಗೆ ಸಾಬಮ್ಮ ಸೆರಗನ್ನು ಬಾಯಿಗೆ ಹಿಡಿದು ಕುಳಿತಳು. ಎರಡನೆಯದರಲ್ಲಿ ಸ್ಯಾಕ್ಸೊಫೋನ್ ನಡುವೆಯೇ ನಿಂತಿತು. ಡ್ರಮ್ ಒಂದೇ ಉಳಿದು ಏರುತ್ತ ಹೋಯಿತು. ತಟ್ಟೆಯೊಳಗೆ ಜನ ಚಪ್ಪಾಳೆ ಹೊಡೆದರು.

"ಇದೇ ನೋಡ್ರಿ ಅಮ್ಮಾ, ಜೀವಾಳ! ಅಷ್ಟು ದೊಡ್ಡ ಉಸ್ತಾದ್, ತಮ್ಮಗ ಜಾಗ ಬಿಟ್ಟು ಸುಮ್ಮನ ನಿಂತಾರ" ಎಂದ ಗುಲ್ಶನ್.

"ನಿಂತಿಲ್ಲಪ್ಪ, ಬಿದ್ದಾರ. ಸ್ಟೇಜಿನ ಹಿಂದ ನನ್ನ ತೊಡಿ ಮ್ಯಾಲ ಜೀವ ಬಿಡಾಕತ್ತಿದ್ರು. ಇದನ್ನ ಕತ್ತರಸು."

"ಅದನ್ನ ತೆಗದ್ರ ಈ ಮಗ್ಗಲಾಗ ಏನೂ ಉಳಿಯಂಗಿಲ್ರಿ."

ಸುರೇಶನ ಮುಖ ಬಿಗಿಯಿತು. ಊದುವವನು ದಮ್ಮಿಗೆಂದು ನಿಂತಾಗ ಡ್ರಮ್ಮಿನವನು ನಿಲ್ಲಬಾರದು. ನಿಂತರೆ ಊದುವವನ ಮಾನ ಹೋಗುತ್ತದೆ. ಬ್ಯಾಂಡಿನವರ ಕಟ್ಟಳೆ ಅದು. ಅಣ್ಣ ಹಿಂದೆ ಸರಿದದ್ದು ದಮ್ಮಿಗೆಂದೇ ತಿಳಿದು ಬಾರಿಸಿದ್ದ. ಅಷ್ಟು ಚೆನ್ನಾಗಿ ಮತ್ತೆಂದೂ ಬಾರಿಸಿರಲಿಲ್ಲ.

"ಕತ್ತರಸಬ್ಯಾಡ ವೈನಿ. ಮದುವ್ಯಾಗ ಬಾರಿಸಿ ಬಾರಿಸಿ ಮುದುಕ ಆಗೀನಿ. ಯಾವ ಮಗ ಕಿವಿ ಕೊಟ್ಟಾನ? ಎಲ್ಲಾ ಉಣ್ಣಾಕ ಓಡೋರೇ."

"ನಿನ್ನ ಹೆಸರಿಗಾಗಿ ಅಣ್ಣನ ಹೆಣದ ಮ್ಯಾಲ ಚಪ್ಪಾಳಿ ಹೊಡಸ್ತೀಯೇನು?"

"ನನಗೇನ ಗೊತ್ತಿತ್ತು?"

"ಆಗ ಗೊತ್ತಿರ್ಲಿಲ್ಲ. ಈಗ ಗೊತ್ತದಲ್ಲ?"

ಸಾಬಮ್ಮ ಗುಲ್ಶನ್ ಕಡೆ ತಿರುಗಿದಳು. "ಕತ್ತರಸಂಗಿಲ್ಲಂದ್ರ ತಟ್ಟಿ ಹಾಕೋ ರಟ್ಟಿನ ಮ್ಯಾಲ ಖರೇ ಬರಿ. ಇದನ್ನ ಬಾರಿಸುವಾಗ ಅವರು ಸಾಯಾಕತ್ತಿದ್ರು ಅಂತ."

ಗುಲ್ಶನ್‌ನ ಕಣ್ಣು ಅರಳಿತು. "ಬರೀಬಹುದೇನ್ರಿ? ಹಂಗಾದ್ರ ಡಬಲ್ ಛಾಪಿಸ್ತೀವಿ. ಮಂದಿ ಮುಗಿಬಿದ್ದು ತಗೋತಾರ!"

ಸುರೇಶ ಎದ್ದು ಪ್ಲೇಯರಿನ ಮುಳ್ಳನ್ನು ಕಿತ್ತೆತ್ತಿದ. ತಟ್ಟೆಗೆ ಗರ್ರೆಂದು ಗೀರು ಬಿತ್ತು. "ಏಳಲೇ. ನಾ ಒಪ್ಪಂಗಿಲ್ಲ. ನನ್ನದೊಂದು ಪೆಟ್ಟೂ ಕೊಡಂಗಿಲ್ಲ."

"ಕಾಕಾ, ನೀವು ಒಪ್ಪಲಿಲ್ಲಂದ್ರ ರೆಕಾರ್ಡೇ ಬರಂಗಿಲ್ಲ. ಮೊದಲ್ನೇ ಮಗ್ಗಲೂ ಹೋತು."

"ಹೋಗ್ಲಿ."

ಗುಲ್ಶನ್ ವೈರು ಸುತ್ತಿದ, ಪೆಟ್ಟಿಗೆ ಮುಚ್ಚಿದ. ಅವನು ಹೊಸ್ತಿಲು ದಾಟಿದ ಮೇಲೆ ಸಾಬಮ್ಮ ಮೈದುನನನ್ನು ಕೇಳಿದಳು: "ಇನ್ನ ಅವರ ಊದೋದು ಎಲ್ಲಿ ಕೇಳ್ಲಿ?"

ಸಂಜೆ ಶಹಾಬಾದಿನಲ್ಲಿ ಮದುವೆಯಿತ್ತು. ಸುರೇಶ ಡ್ರಮ್ಮನ್ನು ಹೆಗಲಿಗೆ ಹಾಕಿಕೊಂಡು ಹೊರಬಿದ್ದ.